ಕೈ ನೋಡದೆ ಕೈಯ ಬಗ್ಗೆ ಬರೆದ ವರದಿ: ನಮ್ಮ ಮಗನ ಅಸೆಸ್‌ಮೆಂಟ್ ಬಗ್ಗೆ ದೂರು

ಇಂದ,
ನಿಮ್ಮಲ್ಲಿಗೆ ಬಂದಿದ್ದ ಆರೂವರೆ ವರ್ಷದ ಹುಡುಗನ ತಾಯಿ,
ತೀರ್ಥಹಳ್ಳಿ ತಾಲೂಕು

ಗೆ,
ವ್ಯವಸ್ಥಾಪಕರು,
ಮಕ್ಕಳ ಥೆರಪಿ ಕೇಂದ್ರ, ಶಿವಮೊಗ್ಗ

ವಿಷಯ: ಪೂರ್ತಿ ಮಾಡದ ಪರೀಕ್ಷೆಗೆ ಕೊಟ್ಟ ವರದಿ ವಾಪಸ್ ಪಡೆದು, ಹೊಸದಾಗಿ ಅಸೆಸ್‌ಮೆಂಟ್ ಮಾಡಿಕೊಡುವ ಬಗ್ಗೆ

ಮಾನ್ಯರೇ,

ಕಳೆದ ತಿಂಗಳು ನಿಮ್ಮ ಕೇಂದ್ರದಲ್ಲಿ ನಮ್ಮ ಮಗನಿಗೆ ಮೋಟಾರ್ (ಕೈಕಾಲಿನ ಚಲನೆ) ಮತ್ತು ಸೆನ್ಸರಿ (ಸ್ಪರ್ಶ, ಶಬ್ದದಂಥ ಸಂವೇದನೆ) ಅಸೆಸ್‌ಮೆಂಟ್ ಮಾಡಿಸಿದೆವು. 4,500 ರೂಪಾಯಿ ಕಟ್ಟಿದ್ದಕ್ಕೆ ರಸೀದಿ ಇದೆ. ವರದಿಯೂ ಬಂದಿದೆ. ಆದರೆ ಅದರಲ್ಲಿ ಹೆಸರಿಸಿರುವ ಪರೀಕ್ಷೆಗಳನ್ನು ನೀವು ಪೂರ್ತಿ ಮಾಡಲೇ ಇಲ್ಲ.

ನಾವು ಬಂದ ಕಾರಣವನ್ನು ಮೊದಲ ದಿನವೇ ಹೇಳಿದ್ದೆವು. ಮಗ ಒಂದನೇ ಕ್ಲಾಸು. ಅಂಗಿಯ ಗುಂಡಿ ಹಾಕಲು ಬರುವುದಿಲ್ಲ. ಬರೆಯುವಾಗ ಪೆನ್ಸಿಲ್ ಒತ್ತಿ ಹಿಡಿದು ಮೊನೆ ಮುರಿಯುತ್ತಾನೆ, ಅಕ್ಷರ ಗೆರೆ ಬಿಟ್ಟು ಎಲ್ಲೆಲ್ಲೋ ಹೋಗುತ್ತದೆ. ಅನ್ನ ಕಲಸಿಕೊಂಡರೆ ತಟ್ಟೆಯಲ್ಲಿ ಇರುವುದಕ್ಕಿಂತ ನೆಲದ ಮೇಲೆ ಬೀಳುವುದೇ ಜಾಸ್ತಿ. ಕಾಲಿನ ವಿಷಯದಲ್ಲಿ ನಮಗೆ ಅಂಥ ಚಿಂತೆ ಇರಲಿಲ್ಲ. ತೋಟಕ್ಕೆ ಹೋಗುವ ದಾರಿಯ ಸಂಕವನ್ನು (ಕಿರುಸೇತುವೆಯನ್ನು) ಯಾರ ಕೈಯನ್ನೂ ಹಿಡಿಯದೆ ದಾಟುವ ಹುಡುಗ ಅವನು.

ವರದಿಯಲ್ಲಿ 'ಮೂವ್‌ಮೆಂಟ್ ಎಬಿಸಿ-2 ಮಾಡಲಾಗಿದೆ' ಅಂತ ಇದೆ. ಮಕ್ಕಳ ಕೈಕಾಲಿನ ಚಲನೆ ಅಳೆಯುವ ಪರೀಕ್ಷೆ ಅದು. ನನ್ನ ತಮ್ಮನ ಹೆಂಡತಿ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ಓದಿದವಳು. ಅವಳ ಹತ್ತಿರ ಕೂತು ಈ ಪರೀಕ್ಷೆಯಲ್ಲಿ ಏನೇನು ಇರುತ್ತದೆ ಅಂತ ಕೇಳಿ ತಿಳಿದುಕೊಂಡೆ. ಒಟ್ಟು ಎಂಟು ಕೆಲಸ. 3ರಿಂದ 6 ವರ್ಷದ ಮಕ್ಕಳಿಗೆ ಅದರಲ್ಲಿ ಮೂರು ಕೈಯದ್ದು: ಡಬ್ಬಿಯ ಸೀಳಿನೊಳಗೆ ನಾಣ್ಯ ಹಾಕುವುದು, ದಾರಕ್ಕೆ ಮಣಿ ಪೋಣಿಸುವುದು, ಅಂಚು ದಾಟದ ಹಾಗೆ ಗೆರೆ ಎಳೆಯುವುದು. ಎರಡು ಕೆಲಸ ಹಿಡಿಯುವುದು, ಎಸೆಯುವುದಕ್ಕೆ. ಉಳಿದ ಮೂರು ಬ್ಯಾಲೆನ್ಸ್‌ಗೆ. ನಾನು ಆ ಕೋಣೆಯಲ್ಲೇ ಕೂತಿದ್ದೆ. ಒಂಟಿ ಕಾಲಲ್ಲಿ ನಿಲ್ಲಿಸಿದಿರಿ, ಹಾರಿಸಿದಿರಿ, ಚೆಂಡು ಎಸೆದು ಹಿಡಿಯಲು ಹೇಳಿದಿರಿ. ನಾಣ್ಯವೂ ಇರಲಿಲ್ಲ, ಮಣಿಯೂ ಇರಲಿಲ್ಲ. ಕೈಗೆ ಪೆನ್ಸಿಲ್ ಕೊಡಲೇ ಇಲ್ಲ. ಆದರೂ ವರದಿಯಲ್ಲಿ 'ಫೈನ್ ಮೋಟಾರ್: ಹಿಂದುಳಿದಿದೆ' ಅಂತ, ಅಂದರೆ ಬೆರಳುಗಳ ಸೂಕ್ಷ್ಮ ಕೆಲಸದಲ್ಲಿ ಹಿಂದೆ ಅಂತ, ಬರೆದಿದ್ದೀರಿ. ನಾವು ಹೇಳಿದ್ದನ್ನೇ ನಮಗೆ ತಿರುಗಿಸಿ ಕೊಡುವುದಾದರೆ ಪರೀಕ್ಷೆ ಯಾಕೆ, ಅಲ್ವಾ?

ಅಂಕವೂ ಇಲ್ಲ. ಈ ಪರೀಕ್ಷೆಯಲ್ಲಿ ಮಗುವನ್ನು ಅದೇ ವಯಸ್ಸಿನ ಬೇರೆ ಮಕ್ಕಳ ಜೊತೆ ಹೋಲಿಸಿ ಪರ್ಸೆಂಟೈಲ್ ಕೊಡುತ್ತಾರೆ, ಅಂದರೆ ನೂರು ಮಕ್ಕಳಲ್ಲಿ ಅವನ ಸ್ಥಾನ ಎಲ್ಲಿ ಅನ್ನುವ ಲೆಕ್ಕ. 5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಕೆಂಪು, ಅಂದರೆ ನಿಜವಾದ ತೊಂದರೆ ಇದೆ. 15ರ ಮೇಲಿದ್ದರೆ ಹಸಿರು. ನಡುವೆ ಬಂದರೆ ಹಳದಿ, ಗಮನ ಇಡಬೇಕು. ನಮ್ಮ ಹುಡುಗ ಇದರಲ್ಲಿ ಎಲ್ಲಿದ್ದಾನೆ? 'ಸರಾಸರಿಗಿಂತ ಕಡಿಮೆ' ಅಂದರೆ ಮೂರರಲ್ಲಿ ಯಾವುದೂ ಆಗಬಹುದು. ಮೂರನೇ ಪುಟದಲ್ಲಂತೂ ಅವನನ್ನು ಹುಡುಗಿ ಮಾಡಿದ್ದೀರಿ. ಅದು ಯಾರ ಮಗುವಿನ ವರದಿಯಿಂದ ಬಂದ ಸಾಲು ಅಂತ ನೀವೇ ಹೇಳಬೇಕು.

ಸೆನ್ಸರಿ ಭಾಗಕ್ಕೆ ಬರುತ್ತೇನೆ. 'ಸೆನ್ಸರಿ ಪ್ರೊಫೈಲ್-2' ಬಳಸಿದ್ದೇವೆ ಅಂತ ಇದೆ. ಅದು ಮಗುವನ್ನು ನೋಡಿಕೊಳ್ಳುವವರು ತುಂಬಬೇಕಾದ ಪ್ರಶ್ನಾವಳಿ. 3ರಿಂದ 14 ವರ್ಷದ ಮಕ್ಕಳ ಫಾರಂನಲ್ಲಿ 86 ಪ್ರಶ್ನೆಗಳಿವೆ. ನಮಗೆ ರಿಸೆಪ್ಷನ್‌ನಲ್ಲಿ ಕೊಟ್ಟಿದ್ದು ಇಂಗ್ಲಿಷಿನ ಅರ್ಧ ಪುಟ. ಜೋರು ಶಬ್ದಕ್ಕೆ ಹೆದರುತ್ತಾನಾ, ಹೌದು-ಇಲ್ಲ, ಆ ಥರದ್ದು. ನಾನು ಬೆಳಿಗ್ಗೆ ಶಾಲೆಗೆ ಪಾಠ ಮಾಡಲು ಹೋದರೆ ಬರುವುದು ಸಂಜೆಗೆ. ಮಗನಿಗೆ ಸ್ನಾನ ಮಾಡಿಸುವುದು, ಉಣಿಸುವುದು, ಮಲಗಿಸುವುದು ನಮ್ಮ ಅತ್ತೆ. ಅವರೂ ಜೊತೆಗೇ ಬಂದಿದ್ದರು. ತಲೆಗೆ ಎಣ್ಣೆ ಹಚ್ಚಿದರೆ ಏನು ಮಾಡುತ್ತಾನೆ, ಯಾವ ಬಟ್ಟೆ ಚುಚ್ಚುತ್ತದೆ ಅನ್ನುತ್ತಾನೆ, ಎಲ್ಲ ಅವರಿಗೆ ಗೊತ್ತು. ಕನ್ನಡದಲ್ಲಿ ಒಂದು ಮಾತು ಕೇಳಿದ್ದರೆ ಸಾಕಿತ್ತು. ಪಾಪ, ಹೊರಗಿನ ಬೆಂಚಿನ ಮೇಲೆ ಸುಮ್ನೆ ಕೂತು ವಾಪಸ್ ಬಂದರು.

ಕೇಳದೆ ಬರೆದರೆ ಏನಾಗುತ್ತದೆ ಅನ್ನುವುದಕ್ಕೆ ನಿಮ್ಮ ವರದಿಯಲ್ಲೇ ಎರಡು ಸಾಲಿವೆ. 'ಉಯ್ಯಾಲೆ ನಿರಾಕರಿಸಿದ, ವೆಸ್ಟಿಬ್ಯುಲರ್ ಅತಿಸೂಕ್ಷ್ಮತೆ' ಅಂತ ಒಂದು, ಅಂದರೆ ತೂಗುವುದು, ತಿರುಗುವುದು ಅವನಿಗೆ ಸಹಿಸಲಾಗುವುದಿಲ್ಲ ಅಂತ. ಅವತ್ತು ಆಗುಂಬೆ ಕಡೆಯಿಂದ ಬಸ್ಸಿನಲ್ಲಿ ತಿರುವುಗಳನ್ನು ದಾಟಿ ಬರುವಾಗ ಮಂಡಗದ್ದೆಯ ಹತ್ತಿರ ಮಗು ವಾಂತಿ ಮಾಡಿಕೊಂಡಿತ್ತು. ಬಂದ ಕೂಡಲೇ ಇದನ್ನು ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಶುರು ಮಾಡಿ ಅಂತ ಕೇಳಿಕೊಂಡೆ. ಸಮಯವಿಲ್ಲ ಅಂದಿರಿ. ಹೊಟ್ಟೆ ತೊಳಸುತ್ತಿರುವ ಮಗು ಉಯ್ಯಾಲೆ ಹತ್ತುತ್ತದಾ? ಮನೆಯಲ್ಲಿ ಉಯ್ಯಾಲೆಯಿಂದ ಇಳಿಸುವುದೇ ನಮಗೆ ಕಷ್ಟ.

ಇನ್ನೊಂದು, 'ಹುಲ್ಲಿನ ಮ್ಯಾಟ್ ಮೇಲೆ ಬರಿಗಾಲಲ್ಲಿ ನಿಲ್ಲಲಿಲ್ಲ, ಸ್ಪರ್ಶದ ಅತಿಸೂಕ್ಷ್ಮತೆ.' ನಮ್ಮ ಕಡೆ ಮಳೆಗಾಲದಲ್ಲಿ ಹುಲ್ಲಿಗೆ ಕಾಲಿಟ್ಟರೆ ಇಂಬಳ (ಜಿಗಣೆ) ಹತ್ತುತ್ತದೆ. ಹುಲ್ಲು ತುಳಿಯಬೇಡ ಅಂತ ನಾವೇ ದಿನಾ ಹೇಳಿ ಕಲಿಸಿದ್ದು. ಅದು ಪ್ಲಾಸ್ಟಿಕ್ ಹುಲ್ಲು ಅಂತ ಅವನಿಗೆ ಹೇಳಿದವರು ಯಾರು? ಅದೇ ಹುಡುಗ ಗದ್ದೆಯ ಕೆಸರಿನಲ್ಲಿ ಮಂಡಿಯವರೆಗೆ ಇಳಿದು ಆಡುತ್ತಾನೆ. ಶಿವಮೊಗ್ಗದಲ್ಲಿ ಕೇಂದ್ರ ನಡೆಸುವವರಿಗೆ ಇಂಬಳದ ವಿಷಯ ಹೊಸದಲ್ಲ ಅಂದುಕೊಂಡಿದ್ದೆ.

ಕೊನೆಯ ಪುಟದಲ್ಲಿ 'ಡಯಾಗ್ನೊಸಿಸ್: ಸೆನ್ಸರಿ ಪ್ರೊಸೆಸಿಂಗ್ ಡಿಸಾರ್ಡರ್' (ಸಂವೇದನೆಗಳನ್ನು ಗ್ರಹಿಸುವುದರಲ್ಲಿ ತೊಂದರೆ) ಅಂತ ದಪ್ಪ ಅಕ್ಷರದಲ್ಲಿದೆ. ಕೆಳಗೇ ಥೆರಪಿ ಪ್ಯಾಕೇಜಿನ ದರಪಟ್ಟಿ. ಮಾನಸಿಕ ಮತ್ತು ಬೆಳವಣಿಗೆಯ ತೊಂದರೆಗಳನ್ನು ಪಟ್ಟಿ ಮಾಡುವ ಅಮೆರಿಕದ ಕೈಪಿಡಿ, 2013ರ ಡಿಎಸ್‌ಎಂ-5ರಲ್ಲಿ ಈ ಹೆಸರಿನ ಕಾಯಿಲೆಯೇ ಇಲ್ಲ. ಇದನ್ನು ಒಂದು ಪ್ರತ್ಯೇಕ ಡಯಾಗ್ನೊಸಿಸ್ ಆಗಿ ಬರೆಯಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ಹೇಳಿದೆ. ಹಾಗಂತ ಮಕ್ಕಳಿಗೆ ಸೆನ್ಸರಿ ತೊಂದರೆ ಇರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮ ಶಾಲೆಯಲ್ಲೇ ಅಂಥ ಮಕ್ಕಳನ್ನು ನೋಡಿದ್ದೇನೆ. ಥೆರಪಿಯಿಂದ ಅವರಿಗೆ ಉಪಯೋಗವಾಗಿದ್ದನ್ನೂ ನೋಡಿದ್ದೇನೆ. ಆದರೆ ಡಿಎಸ್‌ಎಂ-5ರಲ್ಲಿ ಇರುವ ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್ (ಕೈಕಾಲಿನ ಚಲನೆಯ ಹೊಂದಾಣಿಕೆಯಲ್ಲಿ ತೊಂದರೆ) ಬಗ್ಗೆ ನಿಮ್ಮ ವರದಿಯಲ್ಲಿ ಒಂದು ಸಾಲೂ ಇಲ್ಲ. ಶಾಲೆಗೆ ಹೋಗುವ ಮಕ್ಕಳಲ್ಲಿ ನೂರಕ್ಕೆ ಐದಾರು ಮಂದಿಗೆ ಇರುವ ತೊಂದರೆ ಅದು. ಗುಂಡಿ, ಪೆನ್ಸಿಲ್ ಎರಡರಲ್ಲೂ ಒದ್ದಾಡುವ ಮಗುವಿಗೆ ಅದು ಇದೆಯೋ ಇಲ್ಲವೋ ಅಂತ ಮೊದಲು ನೋಡಬೇಕಿತ್ತು. ನಮಗೆ ಬೇಕಾಗಿದ್ದ ಉತ್ತರವೂ ಅದೇ.

ವರದಿಯ ಕೆಳಗೆ ಒಂದು ಸಹಿ ಇದೆ. ಹೆಸರಿಲ್ಲ, ಓದಿದ್ದು ಏನು ಅಂತಲೂ ಇಲ್ಲ.

ಈಗ ನಿಮ್ಮಿಂದ ಬೇಕಾಗಿದ್ದು ಇಷ್ಟು. ಅವತ್ತು ತುಂಬಿದ ಸ್ಕೋರ್ ಹಾಳೆಗಳ ಪ್ರತಿ ಕೊಡಿ. ಹಾಳೆಯೇ ಇಲ್ಲದಿದ್ದರೆ ಇಲ್ಲ ಅಂತ ಬರೆದು ಕೊಡಿ. ವರದಿಯನ್ನು ವಾಪಸ್ ಪಡೆದಿದ್ದೇವೆ ಅಂತ ನಮಗೂ ಶಾಲೆಗೂ ಒಂದು ಪತ್ರ ಬೇಕು, ಯಾಕೆಂದರೆ ನೀವು ನಮ್ಮನ್ನು ಕೇಳದೆ ಶಾಲೆಯ ವಾಟ್ಸಾಪ್‌ಗೆ ಅದನ್ನು ಕಳಿಸಿದ್ದೀರಿ. ಆಮೇಲೆ ಆಕ್ಯುಪೇಷನಲ್ ಥೆರಪಿಸ್ಟ್ ಒಬ್ಬರಿಂದ ಪರೀಕ್ಷೆಯನ್ನು ಪೂರ್ತಿ ಮಾಡಿಸಿ. ಕೈಯ ಕೆಲಸ ಮೊದಲು ಆಗಲಿ. ಪ್ರಶ್ನಾವಳಿಯನ್ನು ಅತ್ತೆಯ ಎದುರು ಕೂತು ಕನ್ನಡದಲ್ಲಿ ಕೇಳಿ ತುಂಬಿ. ಹಿಂದಿನ ದಿನವೇ ಶಿವಮೊಗ್ಗಕ್ಕೆ ಬಂದು ನೆಂಟರ ಮನೆಯಲ್ಲಿ ಉಳಿಯುತ್ತೇವೆ, ಹಾಗಾಗಿ ಬಸ್ಸಿನ ನೆಪ ಎರಡೂ ಕಡೆಗೆ ಇರುವುದಿಲ್ಲ. ಇದು ಆಗುವುದಿಲ್ಲ ಅಂದರೆ ಹಣ ವಾಪಸ್ ಕೊಡಿ, ಬೇರೆ ಕಡೆ ತೋರಿಸುತ್ತೇವೆ.

ಪತ್ರ ತಲುಪಿದ 15 ದಿನದೊಳಗೆ ಲಿಖಿತ ಉತ್ತರ ಬರಲಿ. ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ರಸೀದಿ ಮತ್ತು ವರದಿಯ ಪ್ರತಿಗಳನ್ನು ಲಗತ್ತಿಸಿದ್ದೇನೆ. ಮೂರನೇ ಪುಟದ ಸಾಲಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೇನೆ.

ಇಂತಿ,
ಹುಡುಗನ ತಾಯಿ