ಬಲೂನು ಅತಿಥಿಗಳಿಗಾಗಿ ಕಾಯುವುದಿಲ್ಲ

ಮಾನ್ಯ ಸಂಪಾದಕರೇ,

ಬಿಸಿಗಾಳಿ ಬಲೂನು ಉತ್ಸವದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಬಲೂನುಗಳು ಹಾರಲಿಲ್ಲ, ಜನರಿಗೆ ನಿರಾಸೆಯಾಯಿತು ಎಂದಿದ್ದೀರಿ. ಎರಡೂ ನಿಜವೇ. ಆದರೆ ಯಾಕೆ ಹಾರಲಿಲ್ಲ ಎಂಬುದಕ್ಕೆ ವರದಿಯಲ್ಲಿ ಒಂದು ಸಾಲೂ ಇಲ್ಲ. ಓದಿದವರಿಗೆ ಪೈಲಟ್‌ಗಳೇ ಹೆದರಿ ಹಿಂದೆ ಸರಿದರು ಅನಿಸಬೇಕು, ಹಾಗಿದೆ ಧಾಟಿ. ಆ ಬೆಳಿಗ್ಗೆ ನಾನು ಮೈದಾನದಲ್ಲೇ ಇದ್ದೆ, ಅದೂ ಹಗ್ಗದ ಒಳಗೆ. ಬಲೂನಿನ ಬಾಯಿ ಹಿಡಿದುಕೊಳ್ಳಲು ಜನ ಬೇಕು ಎಂದಾಗ ಹೆಸರು ಕೊಟ್ಟಿದ್ದೆ. ಆದ್ದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ಕಸುಬಿನಲ್ಲಿ ನಾನು ದರ್ಜಿ. ಹಾಗಾಗಿ ಎಲ್ಲರೂ ಬಣ್ಣ ನೋಡುತ್ತಿದ್ದಾಗ ನನ್ನ ಬೆರಳು ಹೋದದ್ದು ಹೊಲಿಗೆಗೆ. ನೈಲಾನ್ ಬಟ್ಟೆ, ಮುಟ್ಟಿದರೆ ಕೊಡೆಯ ಬಟ್ಟೆಯಂತೆ ತೆಳು. ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಚೌಕಳಿ ಕಾಣುತ್ತದೆ. ಅಷ್ಟಷ್ಟು ದೂರಕ್ಕೆ ದಪ್ಪ ಎಳೆ ಸೇರಿಸಿ ನೇಯ್ದಿರುತ್ತಾರೆ, ಎಲ್ಲಾದರೂ ಹರಿದರೆ ಹರುಕು ಮುಂದಕ್ಕೆ ಓಡಬಾರದು ಅಂತ. ಎರಡು ಪಟ್ಟೆಗಳು ಕೂಡುವಲ್ಲಿ ಅಂಚನ್ನು ಒಂದರೊಳಗೊಂದು ಮಡಿಸಿ ಜೋಡಿ ಹೊಲಿಗೆ ಹಾಕಿದ್ದಾರೆ. ಜೀನ್ಸ್ ಪ್ಯಾಂಟಿನ ಕಾಲಿಗೆ ನಾವು ಹಾಕುವುದು ಇದೇ. ಭಾರ ಹೊರುವುದು ಬಟ್ಟೆಯಲ್ಲ, ಮೇಲಿಂದ ಕೆಳಗೆ ಇಳಿದಿರುವ ಗಟ್ಟಿ ಪಟ್ಟಿಗಳು. ಬೆಂಕಿಗೆ ಹತ್ತಿರವಿರುವ ಬಾಯಿಯ ಸುತ್ತ ಮಾತ್ರ ಬೇರೆಯದೇ ಬಟ್ಟೆ, ಉರಿ ತಾಗಿದರೂ ಬೇಗ ಹೊತ್ತಿಕೊಳ್ಳದ ಜಾತಿಯದು. ಕೆಲಸ ಮಾಡಿದವರ ಕೈಗೆ ಮನಸ್ಸಿನಲ್ಲೇ ನಮಸ್ಕಾರ ಹಾಕಿದೆ.

ಈಗ ಹಾರದಿದ್ದ ವಿಚಾರಕ್ಕೆ ಬರುತ್ತೇನೆ. ಕಾರ್ಯಕ್ರಮ ಇದ್ದದ್ದು ಸೂರ್ಯೋದಯಕ್ಕೆ. ನಸುಕಿನಲ್ಲೇ ಪೈಲಟ್‌ಗಳು ಹೀಲಿಯಂ ತುಂಬಿದ ಪುಟ್ಟ ಬಲೂನೊಂದನ್ನು ಬಿಟ್ಟು, ಅದು ಯಾವ ಎತ್ತರದಲ್ಲಿ ಯಾವ ಕಡೆ ವಾಲುತ್ತದೆಂದು ಕತ್ತೆತ್ತಿ ನೋಡುತ್ತಿದ್ದರು. ಗಾಳಿ ಅಲ್ಲಾಡುತ್ತಿರಲಿಲ್ಲ. ಎಲ್ಲ ಸಜ್ಜಾಗಿತ್ತು. ಬರಬೇಕಾದ ಮುಖ್ಯ ಅತಿಥಿಗಳು ಮಾತ್ರ ಬಂದಿರಲಿಲ್ಲ. ಅವರು ಬಂದರು, ಸ್ವಾಗತ ಆಯಿತು, ಭಾಷಣ ಆಯಿತು, ಭಾಷಣದ ಮೇಲೆ ಇನ್ನೊಂದು ಭಾಷಣವೂ ಆಯಿತು. ಅಷ್ಟರಲ್ಲಿ ಬಿಸಿಲು ನೆತ್ತಿಗೆ ತಾಗುವ ಹಾಗಾಯಿತು.

ಬಿಸಿಲೇರುವುದೆಂದರೆ ಬಲೂನಿಗೆ ಎರಡು ಕಡೆಯಿಂದ ಪೆಟ್ಟು. ನೆಲ ಕಾಯುತ್ತದೆ, ಕಾದ ಗಾಳಿ ಸುಳಿಸುಳಿಯಾಗಿ ಮೇಲೇಳುತ್ತದೆ, ಗಾಳಿ ಬಿರುಸಾಗುತ್ತದೆ. ಜೊತೆಗೆ ಎತ್ತುವ ಶಕ್ತಿಯೂ ಕುಗ್ಗುತ್ತದೆ, ಯಾಕೆಂದರೆ ಬಲೂನು ಏರುವುದೇ ಒಳಗಿನ ಮತ್ತು ಹೊರಗಿನ ಗಾಳಿಯ ಬಿಸಿಯ ಅಂತರದಿಂದ. ಹೊರಗೆ 20 ಡಿಗ್ರಿ, ಒಳಗೆ 100 ಡಿಗ್ರಿ ಸೆಲ್ಸಿಯಸ್ ಇದ್ದರೂ ಒಂದು ಘನ ಮೀಟರ್ ಗಾಳಿ ಎತ್ತುವುದು ಸುಮಾರು ಕಾಲು ಕಿಲೋ ಅಷ್ಟೆ. ಅದಕ್ಕೇ ಬಲೂನು ಅಷ್ಟು ದೊಡ್ಡದು. ಹೊರಗೆ ತಂಪಾಗಿದ್ದಷ್ಟೂ ಲಾಭ.

ಭಾಷಣ ಮುಗಿದ ಮೇಲೆ ನಮ್ಮ ಬಲೂನಿಗೆ ದೊಡ್ಡ ಫ್ಯಾನು ಇಟ್ಟು ತಣ್ಣನೆಯ ಗಾಳಿ ಊದಿದರು. ಬಾಯಿಯ ಎಡಕ್ಕೊಬ್ಬರು, ಬಲಕ್ಕೆ ನಾನು. ಅರ್ಧ ತುಂಬಿತ್ತು, ಒಂದು ಬೀಸು ಬಂತು ನೋಡಿ, ಬಟ್ಟೆ ಪಟಪಟನೆ ಹೊಡೆದುಕೊಂಡು ನನ್ನ ಮುಷ್ಟಿಯಿಂದ ಜಾರಿಯೇ ಹೋಯಿತು. ಬಾಯಿ ಮುದುಡಿ ಬರ್ನರ್ ಮುಂದೆ ಜೋತುಬಿತ್ತು. ಉರಿ ಹಚ್ಚಿರಲಿಲ್ಲ, ಪುಣ್ಯ. ಪೈಲಟ್ ಹೆಚ್ಚು ಮಾತಾಡಲಿಲ್ಲ, ಕೈ ಅಡ್ಡಡ್ಡ ಆಡಿಸಿ ಫ್ಯಾನು ನಿಲ್ಲಿಸಿದರು. ಏರುವುದಾದರೆ ಹೇಗಾದರೂ ಏರಬಹುದಿತ್ತು, ಇಳಿಯುವುದು ಹೇಗೆ ಎಂದು ಆಮೇಲೆ ಹೇಳಿದರು. ಬಲೂನಿಗೆ ಸ್ಟೀರಿಂಗ್ ಇಲ್ಲ, ಬ್ರೇಕೂ ಇಲ್ಲ. ಗಾಳಿಯ ವೇಗದಲ್ಲೇ ನೆಲಕ್ಕೆ ಬಡಿದು, ಬುಟ್ಟಿ ಮಗುಚಿ ಎಳೆದುಕೊಂಡು ಹೋಗುತ್ತದೆ. ನೆಲದಲ್ಲಿ ಗಾಳಿ ಗಂಟೆಗೆ ಹದಿನೆಂಟು ಕಿಲೋಮೀಟರ್ ಆಸುಪಾಸು ಮುಟ್ಟಿತೆಂದರೆ ಸಾಮಾನ್ಯವಾಗಿ ಯಾರೂ ಏರಿಸುವುದಿಲ್ಲವಂತೆ.

ಆಗಲೇ ಶುರುವಾಯಿತು ಕೂಗಾಟ. ದುಡ್ಡು ವಾಪಸ್ ಕೊಡಿ, ಹೇಡಿಗಳು, ಇನ್ನೂ ಏನೇನೋ. ಮೈಕಿನಲ್ಲಿ ‘ಇನ್ನೇನು ಹಾರಲಿವೆ’ ಎಂದು ಹೇಳುತ್ತಲೇ ಇದ್ದದ್ದು ಉರಿಗೆ ಎಣ್ಣೆ ಸುರಿದಂತಾಯಿತು. ಬೈಸಿಕೊಂಡವರು ಬಟ್ಟೆ ಸುತ್ತುತ್ತಿದ್ದ ಪೈಲಟ್‌ಗಳು. ತಡಮಾಡಿದವರು ಅಷ್ಟು ಹೊತ್ತಿಗೆ ಕಾರು ಹತ್ತಿಯಾಗಿತ್ತು.

ಹವಾಮಾನವನ್ನು ಕಡೆಗಣಿಸಿ ಹಾರಿದರೆ ಏನಾಗುತ್ತದೆಂದು ಹುಡುಕಲು ದೂರ ಹೋಗಬೇಕಿಲ್ಲ. 2016ರ ಜುಲೈನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಮಂಜು, ಮೋಡದ ನಡುವೆ ಹಾರಿದ ಬಲೂನು ವಿದ್ಯುತ್ ತಂತಿಗೆ ಸಿಕ್ಕಿ ಅದರಲ್ಲಿದ್ದ ಹದಿನಾರು ಜನರೂ ಸತ್ತರು. ಬೇಡ ಎನ್ನುವ ಪೈಲಟ್‌ಗೆ ಚಪ್ಪಾಳೆ ಹೊಡೆಯಬೇಕು ಸ್ವಾಮಿ.

1972ರಲ್ಲಿ ಹದಿಮೂರು ಬಲೂನುಗಳಿಂದ ಶುರುವಾಗಿ ಈಗ ನೂರಾರು ಬಲೂನು ಸೇರುವ ಅಮೆರಿಕದ ಆಲ್ಬುಕರ್ಕಿ ಉತ್ಸವದಲ್ಲಿ ಬಣ್ಣದ ಧ್ವಜದ ಪದ್ಧತಿ ಇದೆ. ಹಸಿರು ಏರಿಸಿದರೆ ಹಾರಾಟ ಉಂಟು, ಹಳದಿ ಎಂದರೆ ಕಾಯಿರಿ, ಕೆಂಪು ಎಂದರೆ ಇಲ್ಲ. ಮೈದಾನದಲ್ಲಿ ಇದ್ದವರಿಗೆಲ್ಲ ಕಾಣುತ್ತದೆ, ಸುಳ್ಳು ಭರವಸೆಗೆ ಜಾಗವೇ ಇಲ್ಲ. ಮೂರು ತುಂಡು ಬಟ್ಟೆ ಸಾಕು. ಬೇಕಾದರೆ ನಾನೇ ಹೊಲಿದುಕೊಡುತ್ತೇನೆ, ಕೂಲಿ ಬೇಡ.

ಅತಿಥಿಗಳ ಮಾತು ಬಂದದ್ದಕ್ಕೆ ಹೇಳುತ್ತೇನೆ. 1783ರ ಸೆಪ್ಟೆಂಬರ್ 19ರಂದು ಫ್ರಾನ್ಸಿನ ವರ್ಸೇಲ್ಸ್‌ನಲ್ಲಿ, ದೊರೆ ಹದಿನಾರನೇ ಲೂಯಿಯ ಎದುರು ಮಾಂಟ್‌ಗೋಲ್ಫಿಯೆ ಸಹೋದರರ ಬಲೂನಿನಲ್ಲಿ ಏರಿ ಹೋದ ಗಣ್ಯರು ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ. ಮೂವರೂ ಭಾಷಣ ಮಾಡಲಿಲ್ಲ.

ಸಂಘಟಕರಲ್ಲಿ ನನ್ನ ಕೋರಿಕೆ ಇಷ್ಟೆ: ಉದ್ಘಾಟನೆಯನ್ನು ಬಲೂನುಗಳು ಇಳಿದ ಮೇಲೆ ಇಟ್ಟುಕೊಳ್ಳಿ, ಇಲ್ಲವೇ ಹಿಂದಿನ ರಾತ್ರಿ ಮುಗಿಸಿ. ಟಿಕೆಟ್ಟಿನ ಮೇಲೆ ‘ಗಾಳಿ ಅನುಕೂಲವಿದ್ದರೆ ಮಾತ್ರ ಹಾರಾಟ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ, ಹಾರದಿದ್ದರೆ ಹಣದ ಗತಿಯೇನು ಎಂಬುದನ್ನೂ ಅಲ್ಲೇ ಬರೆಯಿರಿ. ನಿಮ್ಮಲ್ಲಿ ವಿನಂತಿ: ಮುಂದಿನ ಸಲ ವರದಿಗಾರರನ್ನು ವೇದಿಕೆಯ ಪಕ್ಕ ನಿಲ್ಲಿಸದೆ ಬುಟ್ಟಿಯ ಪಕ್ಕಕ್ಕೆ ಕಳುಹಿಸಿ, ಪೈಲಟ್‌ಗಳನ್ನೂ ಒಂದು ಮಾತು ಕೇಳಲಿ.

ಇತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ,
ಒಬ್ಬ ದರ್ಜಿ