ಪಂಚ್ ಹಿಡಿಯೋರು ಯಾರು?

ಸಂಪಾದಕರೇ, ಈಗ ಎಲ್ಲಿ ನೋಡಿದ್ರೂ ಹೇರ್ ಟ್ರಾನ್ಸ್‌ಪ್ಲಾಂಟ್ ಬೋರ್ಡು, ಗ್ರಾಫ್ಟ್‌ಗೆ (ಅಂದ್ರೆ ಕಿತ್ತು ನೆಡೋ ಒಂದೊಂದು ಕೂದಲ ಬುಡಕ್ಕೆ) ಎಷ್ಟು ರೇಟು ಅಂತ ಹೇಳ್ತಾರೆ, ಆ ಬುಡ ಕೊರೆದು ತೆಗೆಯೋ ಸಾಧನ, ಅಂದ್ರೆ ಪಂಚ್, ಹಿಡಿಯೋರು ಯಾರು ಅಂತ ಮಾತ್ರ ಹೇಳಲ್ಲ. ಎಫ್‌ಯುಇ ಅನ್ನೋ ವಿಧಾನದಲ್ಲಿ ತಲೆ ಹಿಂಭಾಗದಿಂದ ಒಂದೊಂದೇ ಬುಡ ತೆಗೆಯೋ ಪಂಚ್ ಸುಮಾರು 0.8ರಿಂದ 1 ಮಿ.ಮೀ. ಅಗಲ ಅಷ್ಟೇ, ಕೂದಲು ಬೆಳೆದಿರೋ ಕೋನ ಬಿಟ್ಟು ಇಳಿಸಿದ್ರೆ ಬುಡಾನೇ ಕಟ್ಟಾಗುತ್ತೆ, ತೆಗೆದಿದ್ದನ್ನ ತಣ್ಣನೆ ಸಲೈನ್‌ನಲ್ಲಿ ಇಡದೆ ಒಣಗೋಕೆ ಬಿಟ್ರೂ ಹೋಯ್ತು, ಆ ಬುಡದಿಂದ ಮತ್ತೆ ಕೂದಲು ಹುಟ್ಟಲ್ಲ. (ಗುರುತೇ ಉಳಿಯಲ್ಲ ಅನ್ನೋದೂ ಸುಳ್ಳು, ಚರ್ಮದ ಪಟ್ಟಿನೇ ಕತ್ತರಿಸೋ ಎಫ್‌ಯುಟಿ ಅನ್ನೋ ಇನ್ನೊಂದು ವಿಧಾನದಲ್ಲಿ ಗೆರೆ ಉಳಿಯುತ್ತೆ, ಎಫ್‌ಯುಇನಲ್ಲಿ ಸಣ್ಣ ಚುಕ್ಕೆ.) ಯೂಟ್ಯೂಬ್, ವರ್ಕ್‌ಶಾಪ್ ನೋಡಿ ಕಲಿತ್ರೆ ಸಾಲದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಆಪರೇಷನ್ ಮಾಡೋ ಡಾಕ್ಟರ ಹೆಸರು, ನೋಂದಣಿ ನಂಬರ್ ಬಾಗಿಲಲ್ಲೇ ಹಾಕೋ ಹಂಗೆ ಆರೋಗ್ಯ ಇಲಾಖೆಯವ್ರು ಮಾಡ್ಲಿ.

– ಒಬ್ಬ ಓದುಗ, ದಾವಣಗೆರೆ