ಮಳೆಗಾಲದಲ್ಲಿ ಜೇನಿಗೆ ಸಕ್ಕರೆ ಪಾಕ

ಮಾನ್ಯ ಸಂಪಾದಕರೇ,

ಶೀತ ದೇಶಗಳಲ್ಲಿ ಚಳಿಗಾಲಕ್ಕೆ ಮುನ್ನ 2 ಪಾಲು ಸಕ್ಕರೆಗೆ 1 ಪಾಲು ನೀರು ಬೆರೆಸಿ ಜೇನಿಗೆ ಉಣಿಸುತ್ತಾರೆ. ಶಿರಸಿ, ಸಿದ್ದಾಪುರ ಸೀಮೆಯಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜಾತಿಯ ಜೇನಿಗೆ ಅಂಥ ಕಷ್ಟಕಾಲವೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಜಡಿಮಳೆ. ಹೂವೂ ಇಲ್ಲದೆ, ಹೊರಗೆ ಹಾರಲೂ ಆಗದೆ ಹಸಿದ ಜೇನು ಕುಟುಂಬವು ಮರಿ ಬೆಳೆಸುವುದನ್ನು ಕಡಿಮೆ ಮಾಡುತ್ತದೆ. ಜೇನುನೊಣಗಳಿಲ್ಲದೆ ಬರಿದಾದ ಎರಿಗೆ, ಅಂದರೆ ಮೇಣದ ಗೂಡಿಗೆ, ಮೇಣದ ಪತಂಗದ ಹುಳು ಬಿದ್ದು ಬಲೆ ಕಟ್ಟುತ್ತದೆ, ಕೊನೆಗೆ ಜೇನು ಪೆಟ್ಟಿಗೆಯನ್ನೇ ಬಿಟ್ಟು ಹೋಗುತ್ತದೆ. ಇದನ್ನು ದುರದೃಷ್ಟ ಎನ್ನಲಾಗದು, ಬಹುಪಾಲು ಇದು ಸಾಕಿದವರ ಅಲಕ್ಷ್ಯ.

ನಮ್ಮಲ್ಲಿ ಸಕ್ಕರೆ, ನೀರು ಸಮಪಾಲಿನ ಪಾಕ ಸಾಕು. ನೊಣಗಳು ಮುಳುಗದಂತೆ ಬಟ್ಟಲಲ್ಲಿ ನಾಲ್ಕಾರು ಕಡ್ಡಿ ತೇಲಿಬಿಟ್ಟು, ಕತ್ತಲಾಗುವ ಹೊತ್ತಿಗೆ ಪೆಟ್ಟಿಗೆಯ ಒಳಗೇ ಇಡಬೇಕು. ಹಗಲಲ್ಲಿ ಹೊರಗೆ ಚೆಲ್ಲಿದರೆ ಪಕ್ಕದ ಪೆಟ್ಟಿಗೆಯ ನೊಣಗಳು ದರೋಡೆಗಿಳಿದು ದುರ್ಬಲ ಕುಟುಂಬವನ್ನು ಮುಗಿಸಿಬಿಡುತ್ತವೆ. ಬೆಲ್ಲ ಮಾತ್ರ ಬೇಡ, ಅದರಿಂದ ನೊಣಗಳಿಗೆ ಭೇದಿಯಾಗುತ್ತದೆ.

ಹೂವಿನ ಕಾಲ ಆರಂಭವಾಗುವ ಮೊದಲೇ ಪಾಕ ನಿಲ್ಲಿಸಲೇಬೇಕು. ಆಗಲೂ ಉಣಿಸುತ್ತ, ಎರಿಯಲ್ಲಿ ತುಂಬಿದ ಸಕ್ಕರೆಯನ್ನೇ ತೆಗೆದು ಜೇನುತುಪ್ಪವೆಂದು ಮಾರುವುದು ಕಲಬೆರಕೆಯೇ ಸರಿ. ಪೆಟ್ಟಿಗೆಗೆ ಸಹಾಯಧನ ನೀಡುವ ತೋಟಗಾರಿಕೆ ಇಲಾಖೆಯು ಮುಂಗಾರಿಗೆ ಮುನ್ನವೇ ಊರೂರಿನಲ್ಲಿ ಇದರ ಪ್ರಾತ್ಯಕ್ಷಿಕೆ ಏರ್ಪಡಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಜೇನು ಕೃಷಿಕ, ಶಿರಸಿ